ಚಾ ಬೇಡ ಅಂದವನ ಪತ್ರ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳ ಜಾಗದಲ್ಲಿ ನಮ್ಮ ಸಿಂಧನೂರು ಕಡೆಯ ಹಿರಿಯರೊಬ್ಬರು ಬರೆದಿದ್ದನ್ನು ಓದಿದೆ. ಯಾವ್ಯಾವುದೋ ಕ್ರೈಸ್ತ ಸಭೆ ಸೇರಿಕೊಂಡ ಹುಡುಗರು ನೆಂಟರ ಮನೆಗೆ ಬಂದರೆ ಒಂದು ಕಪ್ ಚಾ ಕೂಡ ಮುಟ್ಟಲ್ಲ, ಇವತ್ತು ಚಾ ಬಿಟ್ಟವರು ನಾಳೆ ನೀರು ಬಿಡುತ್ತಾರೆ, ನಾಡಿದ್ದು ಹೆತ್ತವರನ್ನೇ ಬಿಡುತ್ತಾರೆ ಅನ್ನುವುದು ಅವರ ಮಾತು. ಅವರು ಯಾರ ಹೆಸರನ್ನೂ ಹಾಕಿರಲಿಲ್ಲ. ಆದರೆ ನಮ್ಮ ಕಡೆ ಚಾ ಬಿಟ್ಟವರು ಅಂತ ಎಣಿಸಿದರೆ ಎಷ್ಟು ಜನ ಸಿಕ್ಕಾರು? ಬರೆದವರು ನಮ್ಮ ದೊಡ್ಡಪ್ಪನೇ ಇರಬಹುದು ಅಂತ ನನಗೆ ಇನ್ನೂ ಅನುಮಾನ ಇದೆ. ಇರಲಿ. ಆ ಹುಡುಗ ನಾನೇ ಅಂದುಕೊಂಡು ಉತ್ತರ ಬರೆಯುತ್ತಿದ್ದೇನೆ. ಉದ್ದ ಆದರೆ ಕತ್ತರಿ ಹಾಕಿ, ಬೇಜಾರಿಲ್ಲ, ಚಾ ವಿಷಯ ಮಾತ್ರ ಉಳಿಸಿ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ಹಳ್ಳಿ. ಐಟಿಐ ಮುಗಿಸಿ ಹೈದರಾಬಾದಿಗೆ ಎ.ಸಿ. ರಿಪೇರಿ ಕೆಲಸಕ್ಕೆ ಹೋದೆ. ನಮ್ಮ ರೂಮಿನಲ್ಲಿದ್ದ ಹುಡುಗನೊಬ್ಬ ಭಾನುವಾರ ಬಿಳಿ ಶರ್ಟ್ ಇಸ್ತ್ರಿ ಮಾಡಿಕೊಂಡು ಚರ್ಚಿಗೆ ಹೋಗುತ್ತಿದ್ದ. ಅವನ ಜೊತೆ ಒಂದು ಸಲ ಸುಮ್ನೆ ಹೋದೆ. ಫ್ಯಾನ್ ಕೆಳಗೆ ಎರಡು ಗಂಟೆ ಕೂರಬಹುದು ಅಂತ ಹೋದದ್ದು, ಸುಳ್ಳು ಯಾಕೆ ಹೇಳಲಿ. ಅದು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಹೊರಗಿನವರು ಮಾರ್ಮನ್ ಅನ್ನುತ್ತಾರೆ. ಆ ಅಡ್ಡಹೆಸರು ಬೇಡ, ಪೂರ್ತಿ ಹೆಸರು ಹೇಳಿ ಅಂತ 2018ರಲ್ಲಿ ಸಭೆಯ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ ಕೇಳಿಕೊಂಡರು. ಪೂರ್ತಿ ಹೆಸರನ್ನು ನಮ್ಮೂರ ಕಟ್ಟೆಯ ಮೇಲೆ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ನಮ್ಮೂರವರು 'ಟೈ ಚರ್ಚು' ಅಂತಾರೆ. ನನಗೆ ಅದೇ ಇಷ್ಟ.

ಇದು ಬಿಳಿಯರು ಬಂದು ಹಂಚಿಹೋದದ್ದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಶುರುವಾಗಿದ್ದು ಅಮೆರಿಕದಲ್ಲೇ, ನ್ಯೂಯಾರ್ಕ್ ರಾಜ್ಯದಲ್ಲಿ, 1830ರಲ್ಲಿ. ಶುರು ಮಾಡಿದವರು ಜೋಸೆಫ್ ಸ್ಮಿತ್. ಆದರೆ ಹೈದರಾಬಾದಿಗೆ ಅದನ್ನು ತಂದವರು ಧರ್ಮರಾಜು ಅನ್ನುವ ನಮ್ಮವರೇ ಆದ ಗಂಡ ಹೆಂಡತಿ. ಎಡ್ವಿನ್ ಧರ್ಮರಾಜು ಸಮೋವಾ ದ್ವೀಪದಲ್ಲಿ ಬೆಳೆಗೆ ಬರುವ ಹುಳುಗಳ ಮೇಲೆ ಕೆಲಸ ಮಾಡುತ್ತಿದ್ದವರು. ಅಲ್ಲೇ ಸಭೆ ಸೇರಿದರು. 1978ರಲ್ಲಿ ಊರಿಗೆ ಬಂದು ತಮ್ಮ ಬಂಧುಬಳಗಕ್ಕೆ ಹೇಳಿದರು, 22 ಜನ ದೀಕ್ಷಾಸ್ನಾನ ತೆಗೆದುಕೊಂಡರು. ಭತ್ತದ ಸೀಮೆಯವನಾದ ನನಗೆ ಹುಳದ ಡಾಕ್ಟರು ಅಂದ ಕೂಡಲೇ ಅವರ ಮೇಲೆ ಒಂದು ಅಭಿಮಾನ ಬಂದುಬಿಟ್ಟಿತು.

ಈಗ ಚಾ.

ನಾನು ಸಭೆ ಸೇರಿದ ಮೇಲೆ ಮೊದಲ ಸಲ ಊರಿಗೆ ಬಂದಾಗ ಅಜ್ಜಿ ಎಂದಿನಂತೆ ಬಸ್ಸಿನ ಸದ್ದಿಗೇ ಚಾ ಇಟ್ಟಿದ್ದಳು. ನಮ್ಮ ಮನೆಯ ಚಾ ಅಂದರೆ ಎಮ್ಮೆ ಹಾಲು, ನೀರು ಕಡಿಮೆ, ಸಕ್ಕರೆ ಚಮಚ ನಿಲ್ಲುವಷ್ಟು. ನಾನು ಬೇಡ ಅಂದೆ. ಹೊಟ್ಟೆ ಸರಿ ಇಲ್ಲವಾ ಅಂದಳು. ಸರಿ ಇದೆ, ಬಿಟ್ಟಿದ್ದೀನಿ ಅಂದೆ. ಅಜ್ಜಿ ಸ್ಟವ್ ಆರಿಸಿ ನನ್ನ ಮುಖ ನೋಡಿದಳು.

"ಯಾಕಪಾ, ಮನಿ ಬಿಟ್ಟಿ ಏನು?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ, ಅದರ ಹಿಂದೆ ಚಾ. ಹೊಲದ ಲೆಕ್ಕಕ್ಕೆ ಚಾ, ಜಗಳ ರಾಜಿಗೆ ಚಾ. ಹೆಣ್ಣು ನೋಡಲು ಹೋದವರು ಚಾ ಕುಡಿಯದೆ ಎದ್ದರೆ ಸಂಬಂಧ ಬೇಡ ಅಂತ ಅರ್ಥ. ಬೇಡ ಅನ್ನುವುದು ಕಪ್ಪಿಗಲ್ಲ, ಕೊಟ್ಟವರಿಗೆ ಅಂತಲೇ ಎಲ್ಲರೂ ತಿಳಿಯುತ್ತಾರೆ. ಪತ್ರ ಬರೆದ ಹಿರಿಯರ ಸಿಟ್ಟು ನನಗೆ ಅರ್ಥ ಆಗುತ್ತದೆ, ಅಷ್ಟರಮಟ್ಟಿಗೆ ಅವರ ಪರ ನಾನು.

ಯಾಕೆ ಬಿಟ್ಟೆ ಅಂತ ಅಜ್ಜಿಗೆ ಕಥೆ ಹೇಳಿದೆ, ಇಲ್ಲೂ ಹೇಳುತ್ತೇನೆ. 1833ರಲ್ಲಿ, ಒಹಾಯೊ ರಾಜ್ಯದ ಕರ್ಟ್‌ಲ್ಯಾಂಡ್ ಅನ್ನುವ ಊರು. ಜೋಸೆಫ್ ಸ್ಮಿತ್ ಒಂದು ಸಣ್ಣ ಕೋಣೆಯಲ್ಲಿ ಗಂಡಸರನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಬಂದವರು ಮೊದಲು ಪೈಪ್ ಹಚ್ಚುತ್ತಿದ್ದರು. ಅದು ಮುಗಿದರೆ ಬಾಯಿಗೆ ತಂಬಾಕು. ಅಗಿದು ನೆಲಕ್ಕೇ ಉಗಿಯುತ್ತಿದ್ದರು. ಅವರೆಲ್ಲ ದೇವರ ಮಾತು ಕೇಳಿ ಎದ್ದು ಹೋದ ಮೇಲೆ ಆ ನೆಲ ತಿಕ್ಕುವ ಪಾಳಿ ಜೋಸೆಫರ ಹೆಂಡತಿ ಎಮ್ಮಾ ಅವರದು. ಕಲೆ ಹೋಗುತ್ತಿರಲಿಲ್ಲವಂತೆ. ಆಕೆ ತಕರಾರು ಎತ್ತಿದರು, ಈತನಿಗೂ ಸರಿ ಕಾಣಲಿಲ್ಲ, ಪ್ರಾರ್ಥನೆ ಮಾಡಿದರು, ಆಗ ಬಂದ ಮಾತು ಅಂತ ನಾವು ನಂಬುತ್ತೇವೆ: ಹೆಂಡ ಬೇಡ, ತಂಬಾಕು ಬೇಡ, 'ಬಿಸಿ ಪಾನೀಯ' ಬೇಡ. ಬಿಸಿ ಪಾನೀಯ ಅಂದರೆ ಚಾ ಮತ್ತು ಕಾಫಿ ಅಂತ ಆಗಿನ ಹಿರಿಯರೇ ಬಿಡಿಸಿ ಹೇಳಿದ್ದಾರೆ.

ನಮ್ಮ ಯಾವ ಬಸ್ ಸ್ಟ್ಯಾಂಡಿನ ಮೂಲೆ ನೋಡಿದರೂ ನನಗೆ ಎಮ್ಮಾ ನೆನಪಾಗುತ್ತಾರೆ. ಅಜ್ಜಿಗೂ ಆಕೆ ಹಿಡಿಸಿದಳು. ಎಲೆ ಅಡಿಕೆ ಹಾಕುವ ಗಂಡನ ಜೊತೆ ಐವತ್ತು ವರ್ಷ ಬಾಳಿದವಳು ನಮ್ಮಜ್ಜಿ. ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಗೆ ಅಂದಳು: "ಬಿಸೀದು ಬ್ಯಾಡ ಅಂದಾನಲ್ಲ ನಿಮ್ಮ ದೇವ್ರು, ಆರಿಸಿ ಕೊಡ್ತೀನಿ ಕುಡಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆರಿದ ಚಾ ಕೂಡ ಚಾನೇ ಅಂದೆ. ಬಿಸಿ ಹಾಲು ನಡೆಯುತ್ತದಾ? ನಡೆಯುತ್ತದೆ. ಶುಂಠಿ ಕಷಾಯ? ನಡೆಯುತ್ತದೆ. ಹಂಗಾದ್ರ ಚಾ ಏನು ಪಾಪ ಮಾಡೇತಿ ಅಂದಳು. ಪಾಪದ ಲೆಕ್ಕ ಅಲ್ಲ ಅಜ್ಜಿ, ಮಾತು ಕೊಟ್ಟಿದ್ದೀನಿ ಅಂದೆ. ಈ ಮಾತು ಮಾತ್ರ ಆಕೆಗೆ ನಾಟಿತು. ಆಕೆ ಶ್ರಾವಣ ಪೂರ್ತಿ ಒಪ್ಪತ್ತು ಊಟ ಮಾಡುವವಳು, ಅಂಬಾಮಠದ ಜಾತ್ರೆ ಮುಗಿಯುವವರೆಗೆ ಕಾಲಿಗೆ ಚಪ್ಪಲಿ ಹಾಕದವಳು. ಮಾತು ಕೊಟ್ಟು ನಡೆಸುವುದು ಏನು ಅಂತ ನಾನು ಅವಳಿಗೆ ಕಲಿಸಬೇಕಾಗಿರಲಿಲ್ಲ. ಆದರೂ ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹೊಸದಾಗಿ ಸೇರಿದವರು ಕನಿಷ್ಠ ಒಂದು ವರ್ಷ ಕಾದ ಮೇಲೇ ಮಿಷನ್‌ಗೆ, ಅಂದರೆ ಮನೆ ಬಿಟ್ಟು ಸಭೆಯ ಮಾತು ಹೇಳುವ ಸೇವೆಗೆ, ಹೋಗಬಹುದು. ಗಂಡು ಹುಡುಗರಿಗೆ 18ರಿಂದ 25 ವಯಸ್ಸಿನೊಳಗೆ, ಎರಡು ವರ್ಷ. ಹುಡುಗಿಯರಿಗೆ ಒಂದೂವರೆ ವರ್ಷ, ವಯಸ್ಸು 2025ರವರೆಗೆ 19 ಆಗಿರಬೇಕಿತ್ತು. ಎಲ್ಲಿಗೆ ಅಂತ ನಾವು ಕೇಳುವ ಹಾಗಿಲ್ಲ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಸಭೆಯ ಮುಖ್ಯ ಕಚೇರಿಯಿಂದ ಬರುವ ಪತ್ರದಲ್ಲಿ ಇದ್ದ ಕಡೆಗೆ ಹೋಗಬೇಕು. ನನಗೆ ಬಂದದ್ದು ಬೆಂಗಳೂರು ಮಿಷನ್. ಬೆಂಗಳೂರಂದ್ರ ರಾತ್ರಿ ಬಸ್ ಹತ್ತಿದ್ರ ಮುಂಜಾನೆ ಬಂದ್ಬಿಡ್ತಾನ ಅಂತ ಅವ್ವ ಖುಷಿಪಟ್ಟಳು. ಮಿಷನ್ ಹೆಸರು ಮಾತ್ರ ಬೆಂಗಳೂರು, ಆಗ ಅದರ ಸೀಮೆ ದಕ್ಷಿಣದ ಅಷ್ಟೂ ಊರು. ಆಂಧ್ರದಿಂದ ಬಂದು ನೆಲೆಸಿದ ರೈತರ ಪಕ್ಕದ ಕ್ಯಾಂಪಿನ ಹುಡುಗರ ಜೊತೆ ಆಡಿ ಬೆಳೆದು ತೆಲುಗು ಬರುತ್ತಿದ್ದ ಕಾರಣಕ್ಕೋ ಏನೋ, ನನ್ನನ್ನು ಒಯ್ದು ಬಿಟ್ಟಿದ್ದು ವಿಶಾಖಪಟ್ಟಣಕ್ಕೆ.

2021ರ ಕೊನೆಗೆ ಹೋದೆ. ಕೊರೊನಾ ಇನ್ನೂ ಪೂರ್ತಿ ಹೋಗಿರಲಿಲ್ಲ. ಮೊದಲ ಕೆಲವು ದಿನದ ತರಬೇತಿ ಮನೆಯಿಂದಲೇ, ಆನ್‌ಲೈನ್‌ನಲ್ಲಿ. ಮೇಲೆ ಬಿಳಿ ಶರ್ಟು, ಟೈ. ಕೆಳಗೆ ಲುಂಗಿ. ಭತ್ತದ ಚೀಲಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡುವುದನ್ನು ನೋಡಲು ಓಣಿಯ ಮಕ್ಕಳು ಕಿಟಕಿಗೆ ಜೋತು ಬೀಳುತ್ತಿದ್ದರು. ಕರೆಂಟ್ ಹೋದರೆ ಎಲ್ಲರೂ ಒಟ್ಟಿಗೆ "ಹೋಯ್ತೋ" ಅಂತ ಕೂಗುವುದು, ಆ ಕೂಗು ಮೊಬೈಲ್ ಡೇಟಾದಲ್ಲಿ ಅಮೆರಿಕದ ಮೇಷ್ಟ್ರಿಗೂ ಕೇಳಿಸುವುದು. ಎದೆಗೆ ಹಾಕುವ ಕಪ್ಪು ಬಿಲ್ಲೆ ಬಂತು. ಅದರ ಮೇಲೆ ನನ್ನ ಹೆಸರಿನ ಹಿಂದೆ 'ಎಲ್ಡರ್' ಅಂತ. ಹಂಗಂದ್ರೇನು ಅಂದ ಅಜ್ಜ. ಹಿರಿಯ ಅಂತ ಅರ್ಥ ಅಂದೆ. ಅಜ್ಜ ತಲೆಯ ಮೇಲಿನ ಟವೆಲ್ ತೆಗೆದು ನನಗೆ ನಮಸ್ಕಾರ ಮಾಡಿದ. ಆವತ್ತಿನಿಂದ ಹೊರಡುವವರೆಗೂ "ಹಿರಿಯರೇ, ಎಮ್ಮಿಗೆ ಮೇವು ಹಾಕಿದಿರೇನು?" ಅಂತಲೇ ಕರೆದ.

ಅಲ್ಲಿ ನಾವು ಏನು ಮಾಡುತ್ತಿದ್ದೆವು ಅಂತ ಎಲ್ಲರೂ ಕೇಳುತ್ತಾರೆ. ಕೇಳುವ ದನಿಯಲ್ಲೇ ಒಂದು ಗುಟ್ಟು ಹೊರಗೆ ಬರಲಿ ಅನ್ನುವ ಆಸೆ ಇರುತ್ತದೆ. ನಿಜ ಹೇಳಿದರೆ ನಿರಾಸೆ ಆಗುತ್ತದೆ. ಆರೂವರೆಗೆ ಏಳುವುದು. ಅರ್ಧ ಗಂಟೆ ಕಸರತ್ತು. ಸ್ನಾನ, ತಿಂಡಿ, ಒಂದು ಗಂಟೆ ಒಬ್ಬೊಬ್ಬರೇ ಓದುವುದು, ಆಮೇಲೆ ಇಬ್ಬರೂ ಕೂತು ಓದುವುದು. ನಂತರ ಹೊರಗೆ. ರಾತ್ರಿ ಒಂಬತ್ತರ ಸುಮಾರಿಗೆ ರೂಮಿಗೆ ಬಂದು ಹತ್ತೂವರೆಗೆ ದೀಪ ಆರಿಸುವುದು. ಸಿನಿಮಾ ಇಲ್ಲ, ಟಿವಿ ಇಲ್ಲ, ಕ್ರಿಕೆಟ್ ಸ್ಕೋರ್ ಕೂಡ ಆಟೋದವರನ್ನು ಕೇಳಿ ತಿಳಿಯಬೇಕು. ಹುಡುಗಿಯರ ಹಿಂದೆ ಹೋಗುವ ಮಾತಂತೂ ಇಲ್ಲವೇ ಇಲ್ಲ. ಹಾಗಿದ್ದೂ ಊರಲ್ಲಿ ನಮ್ಮ ಗೆಳೆಯರು ಕೇಳಿದ್ದು "ನಿಮ್ಮಲ್ಲಿ ನಾಕು ಹೆಂಡ್ತಿ ಮಾಡ್ಕೋಬೋದಂತ ಹೌದೇನು?" ಅಂತ. ಆ ಪದ್ಧತಿ ಹಿಂದೆ ಇತ್ತು, ಅದನ್ನು ನಿಲ್ಲಿಸುತ್ತೇವೆ ಅಂತ ಸಭೆ ಸಾರಿದ್ದು 1890ರಲ್ಲಿ, ಈಗ ಎರಡನೆಯದು ಮಾಡಿಕೊಂಡವನನ್ನು ಸಭೆಯಲ್ಲಿ ಇಟ್ಟುಕೊಳ್ಳಲ್ಲ. ನಮಗೆ ಒಬ್ಬಳೂ ಇರಲಿಲ್ಲ, ನಾಲ್ಕು ಎಲ್ಲಿಂದ ಬರಬೇಕು!

ಇಬ್ಬರು ಅಂದೆನಲ್ಲ, ಅದೇ ದೊಡ್ಡ ವಿಷಯ. ಮಿಷನರಿ ಒಬ್ಬನೇ ಇರುವ ಹಾಗಿಲ್ಲ. ಜೊತೆಗಾರ ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು, ಬಚ್ಚಲಿಗೆ ಹೋದಾಗ ಬಿಟ್ಟರೆ ಇಪ್ಪತ್ನಾಲ್ಕು ಗಂಟೆಯೂ. ಯಾರು ಜೊತೆಗಾರ ಅಂತಲೂ ನಾವು ಆರಿಸುವುದಲ್ಲ. ನನ್ನ ಮೊದಲ ಜೊತೆಗಾರ ಕೊಯಮತ್ತೂರು ಕಡೆಯವನು. ಅವನಿಗೆ ಕನ್ನಡ ಬರಲ್ಲ, ನನಗೆ ತಮಿಳು ಬರಲ್ಲ, ಇಬ್ಬರಿಗೂ ಇಂಗ್ಲಿಷ್ ಅರ್ಧ. ಅವನು ಮೂರು ಹೊತ್ತೂ ಅನ್ನ ತಿನ್ನುವವನು, ನನಗೆ ಒಂದು ಹೊತ್ತಾದರೂ ರೊಟ್ಟಿ ಇಲ್ಲದಿದ್ದರೆ ಉಂಡ ಹಾಗೆ ಅನ್ನಿಸಲ್ಲ. ಜೋಳದ ಹಿಟ್ಟು ಹುಡುಕಿ ತಂದು, ರೊಟ್ಟಿ ಬಡಿಯಲು ಹೋಗಿ, ಮೊದಲ ವಾರ ಹಂಚಿನಿಂದ ಕೆರೆದು ತಿಂದೆ. ಅವ್ವ ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟಳು: ನೀರು ಕುದಿಸಿ ಹಾಕು, ಹಿಟ್ಟು ಬೆಚ್ಚಗಿದ್ದಾಗಲೇ ನಾದು, ಅಂಗೈಯಿಂದ ಬಡಿ, ಬೆರಳಿಂದಲ್ಲ. 2019ಕ್ಕೆ ಮುಂಚೆ ಹೋದವರಿಗೆ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಸಲ ಬಿಡುತ್ತಿದ್ದರು. ನಮ್ಮ ಕಾಲಕ್ಕೆ ವಾರಕ್ಕೊಮ್ಮೆ ಆಗಿತ್ತು. ಇಲ್ಲದಿದ್ದರೆ ನಾನು ಎರಡು ವರ್ಷವೂ ಕೆರೆದೇ ತಿನ್ನುತ್ತಿದ್ದೆ.

ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕೂತು, ಪ್ರಾರ್ಥನೆ ಮಾಡಿ, ಒಬ್ಬರ ತಪ್ಪು ಒಬ್ಬರಿಗೆ ಹೇಳಬೇಕು. ನಿಯಮ ಅದು. ಹೇಳುವವನು ಸಿಟ್ಟು ಮಾಡಿಕೊಳ್ಳಬಾರದು, ಕೇಳುವವನು ಸಮಜಾಯಿಷಿ ಕೊಡಬಾರದು. ಅವನು ಹೇಳಿದ್ದು: ನೀನು ಒದ್ದೆ ಟವೆಲ್ ನನ್ನ ಹಾಸಿಗೆ ಮೇಲೆ ಹಾಕುತ್ತೀಯ. ಒಬ್ಬರ ಮನೆಯಲ್ಲಿ ನಾನು ಮಾತಾಡುವಾಗ ನೀನು ಗಡಿಯಾರ ನೋಡುತ್ತೀಯ. ನಾನು ಹೇಳಿದ್ದು: ನೀನು ಮೊಸರು ಖಾಲಿ ಮಾಡಿ ಪಾತ್ರೆ ಹಾಗೇ ಫ್ರಿಜ್ಜಿನಲ್ಲಿ ಇಡುತ್ತೀಯ. ಟವೆಲ್, ಮೊಸರು ಸುಲಭ. ಗಡಿಯಾರದ ಮಾತಿಗೆ ಎರಡು ದಿನ ನನಗೆ ನಿದ್ದೆ ಬರಲಿಲ್ಲ. ಅವನು ಹೇಳಿದ್ದು ನಿಜ ಇತ್ತು. ಮನೆಯಲ್ಲಿ ಇಪ್ಪತ್ತೆರಡು ವರ್ಷ ಯಾರೂ ನನಗೆ ಹೀಗೆ ಮುಖಕ್ಕೆ ಮುಖ ಕೊಟ್ಟು, ಸಿಟ್ಟಿಲ್ಲದೆ, ಹೇಳಿರಲಿಲ್ಲ. ನಮ್ಮಲ್ಲಿ ಒಂದೋ ಬೈತಾರೆ, ಇಲ್ಲಾ ಮಾತು ಬಿಡ್ತಾರೆ, ಅಲ್ವಾ.

ಸೋಮವಾರ ಬಟ್ಟೆ ಒಗೆಯುವ ದಿನ. ಸಂತೆ, ಕಟಿಂಗ್, ಮನೆಗೆ ಫೋನ್, ಊರು ಸುತ್ತುವುದು ಎಲ್ಲ ಅವತ್ತೇ. ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ ಕುರ್ಸುರ ಅನ್ನುವ ನಿಜವಾದ ಸಬ್‌ಮರೀನ್ ತಂದು ಮ್ಯೂಸಿಯಂ ಮಾಡಿದ್ದಾರೆ. ಅದಕ್ಕೆ ವಾರದ ರಜೆ ಸೋಮವಾರ! ಎಂಟು ತಿಂಗಳು ಆ ಊರಲ್ಲಿದ್ದು ಅದರ ಹೊಟ್ಟೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಬಂದೆನೇ ಹೊರತು ಒಳಗೆ ಹೋಗಲಿಲ್ಲ.

ಅದು ಬಿಡಿ, ಸಮುದ್ರದ ಕಥೆ ಕೇಳಿ. ಮಿಷನರಿಗಳು ಈಜುವ ಹಾಗಿಲ್ಲ. ನಾನು ಕಾಲುವೆಯಲ್ಲಿ ಈಜು ಕಲಿತವನು, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಅಜ್ಜನೇ ತಳ್ಳಿ ಕಲಿಸಿದ್ದು. ಕಾಲುವೆಗೆ ನೀರು ಬಿಟ್ಟರು ಅಂದರೆ ಶಾಲೆಗೆ ಚಕ್ಕರ್. ಅಂಥವನನ್ನು ತಂದು, ಜೀವನದಲ್ಲಿ ಮೊದಲ ಸಲ ಸಮುದ್ರ ತೋರಿಸಿ, ಬೂಟು ಹಾಕಿಕೊಂಡು ಮರಳಿನ ಈಚೆ ನಿಲ್ಲು ಅಂದರೆ ಹೇಗಿರಬೇಡ. ಬೇಸಿಗೆಯಲ್ಲಿ ಶರ್ಟು ಬೆನ್ನಿಗೆ ಅಂಟಿ, ಟೈ ಕುತ್ತಿಗೆಗೆ ನೇಣಿನ ಹಾಗೆ ಆಗಿ, ಎದುರಿಗೆ ಅಷ್ಟೂ ನೀರು. ಪ್ರತಿ ಸೋಮವಾರ ನೋಡುತ್ತಿದ್ದೆ. ದೇವರ ಜೊತೆ ನಾನು ಜಾಸ್ತಿ ಜಗಳ ಆಡಿದ್ದು ಸಿದ್ಧಾಂತದ ಬಗ್ಗೆ ಅಲ್ಲ, ಆ ನೀರಿನ ಬಗ್ಗೆ.

ಇನ್ನು ಹೊರಗೆ ಹೋಗಿ ಏನು ಮಾಡುತ್ತಿದ್ದೆವು. ಗೊತ್ತಿಲ್ಲದವರ ಬಾಗಿಲು ತಟ್ಟುವುದು, ರಸ್ತೆಯಲ್ಲಿ ನಿಂತು ಪುಸ್ತಕ ಹಂಚುವುದು ನಾವು ಮಾಡುತ್ತಿರಲಿಲ್ಲ. ಸಭೆಯವರು ಯಾರಾದರೂ ತಮ್ಮ ಗೆಳೆಯರನ್ನು ಕೇಳಿ, ಅವರು ಬನ್ನಿ ಅಂದರೆ ಹೋಗುವುದು. ಬನ್ನಿ ಅಂದವರು ನಾವು ಹೋಗುವಷ್ಟರಲ್ಲಿ ಬೀಗ ಹಾಕಿಕೊಂಡು ಹೋಗಿರುವುದೇ ಜಾಸ್ತಿ. ಮೂರು ಮಹಡಿ ಹತ್ತಿ ಬೀಗ ನೋಡಿ ಇಳಿದ ಲೆಕ್ಕ ಬರೆದಿಟ್ಟಿದ್ದರೆ ಒಂದು ಬೆಟ್ಟ ಹತ್ತಿದ ಲೆಕ್ಕ ಆಗುತ್ತಿತ್ತು. ಒಳಗೆ ಕರೆದವರು ಮೊದಲು ಮಾಡುವುದು ಏನು ಹೇಳಿ? ಚಾ ಇಡುವುದು! ಅಲ್ಲೂ ಬೇಡ ಅನ್ನಬೇಕು. ದಿನಕ್ಕೆ ಮೂರು ಮನೆಯಲ್ಲಿ ನಾನು ಚಾ ಬೇಡ ಅನ್ನುವುದು, ನಮ್ಮ ಮಾತು ಬೇಡ ಅಂತ ಅವರು ಅನ್ನುವುದು. ಇಬ್ಬರೂ ನಗುನಗುತ್ತಾ. ಹಾಗೆ ನೋಡಿದರೆ ಲೆಕ್ಕ ಸರಿಹೋಗುತ್ತಿತ್ತು.

ಉಳಿದ ಹೊತ್ತಲ್ಲಿ ಯಾರದೋ ಸಾಮಾನು ಮನೆ ಬದಲಿಸಲು ಹೊತ್ತಿದ್ದೇವೆ. ಒಬ್ಬ ವಯಸ್ಸಾದ ತಾಯಿಗೆ ಎರಡನೇ ಮಹಡಿಗೆ ಗ್ಯಾಸ್ ಸಿಲಿಂಡರ್ ಏರಿಸಿ ಕೊಡುವುದು ನಮ್ಮ ಕಾಯಂ ಕೆಲಸ ಆಗಿತ್ತು. ಆಕೆ ಕೊನೆಗೂ ನಮ್ಮ ಪುಸ್ತಕ ಒಂದು ಪುಟ ಓದಲಿಲ್ಲ, ಆದರೆ ಪ್ರತಿ ಸಲ ಒಂದೊಂದು ಬಟ್ಟಲು ಪುಳಿಹೋರ ಕೊಡುತ್ತಿದ್ದಳು. ಎಷ್ಟು ಜನರನ್ನು ಸೇರಿಸಿದಿ ಅಂತ ಊರಲ್ಲಿ ಕೇಳುತ್ತಾರೆ, ಚುನಾವಣೆ ಲೀಡ್ ಕೇಳಿದ ಹಾಗೆ. ಎರಡು ವರ್ಷದಲ್ಲಿ ನಾನು ಪಾಠ ಹೇಳಿ ದೀಕ್ಷೆ ತೆಗೆದುಕೊಂಡವರನ್ನು ಒಂದು ಕೈಯ ಬೆರಳಲ್ಲಿ ಎಣಿಸಿದರೆ ಬೆರಳು ಉಳಿಯುತ್ತದೆ.

ದುಡ್ಡಿನ ಮಾತೂ ಬರಲಿ. 'ತಲೆಗೆ ಇಷ್ಟು ಅಂತ ಕೊಡ್ತಾರಂತೆ' ಅನ್ನುವುದನ್ನು ನಾನು ನಮ್ಮ ಕಟಿಂಗ್ ಅಂಗಡಿಯಲ್ಲೇ ಕೇಳಿದ್ದೇನೆ, ಮುಖಕ್ಕೆ ಸೋಪು ಹಚ್ಚಿತ್ತು, ಯಾರು ಅಂತ ಅವರಿಗೆ ಗೊತ್ತಾಗಲಿಲ್ಲ. ಮಿಷನರಿಗೆ ಸಂಬಳ ಇಲ್ಲ. ಅಮೆರಿಕದ ಹುಡುಗರ ಮನೆಯವರು ತಿಂಗಳಿಗೆ 400 ಡಾಲರ್ ಕೈಯಿಂದ ಕಟ್ಟುತ್ತಿದ್ದರು, 2020ರಲ್ಲಿ ಅದನ್ನು 500 ಮಾಡಿದರು. ನಮ್ಮಂಥವರು ಕೈಲಾದಷ್ಟು ಕೊಟ್ಟರೆ ಉಳಿದದ್ದನ್ನು ಸಭೆಯ ನಿಧಿ ನೋಡಿಕೊಳ್ಳುತ್ತದೆ. ನಾನು ಎ.ಸಿ. ರಿಪೇರಿಯಲ್ಲಿ ಕೂಡಿಟ್ಟಿದ್ದನ್ನು ಕೊಟ್ಟೆ. ಬಾಡಿಗೆ, ಅಕ್ಕಿ, ಬಸ್ ಚಾರ್ಜು, ಅಷ್ಟೇ. ಭಾನುವಾರ ಮುಂದೆ ನಿಂತು ನಡೆಸುವವರಿಗೂ ಸಂಬಳ ಇಲ್ಲ, ವಾರವೆಲ್ಲ ಅವರವರ ನೌಕರಿ ಅವರಿಗೆ. ಎಲ್ಲರೂ ದುಡಿದದ್ದರಲ್ಲಿ ಹತ್ತಕ್ಕೆ ಒಂದು ಕೊಡಬೇಕು. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ, ಆ ಊಟದ ಖರ್ಚು ಇಲ್ಲದವರಿಗೆ. ಆಮಿಷ ತೋರಿಸಿ, ಹೆದರಿಸಿ ಧರ್ಮ ಬದಲಿಸುವುದು ತಪ್ಪು ಅನ್ನುವುದರಲ್ಲಿ ನನಗೂ ಎರಡು ಮಾತಿಲ್ಲ. ನನಗೆ ತೋರಿಸಿದ ಆಮಿಷ ಫ್ಯಾನ್ ಒಂದೇ.

ನಂಬಿಕೆ ಬಗ್ಗೆ ಜಾಸ್ತಿ ಹೇಳಲ್ಲ, ಇದು ಪತ್ರಿಕೆ. ಒಂದು ಮಾತು ಮಾತ್ರ. ಜೋಸೆಫ್ ಸ್ಮಿತ್‌ಗೆ ನೆಲದಲ್ಲಿ ಬಂಗಾರದ ಹಾಳೆಗಳ ಪುಸ್ತಕ ಸಿಕ್ಕಿತು ಅಂತ ನಾವು ನಂಬುತ್ತೇವೆ ಅಂದಾಗ ನನ್ನ ಐಟಿಐ ಗೆಳೆಯ ಬಿದ್ದು ಬಿದ್ದು ನಕ್ಕ. ಅವನ ಅಪ್ಪ ಹಟ್ಟಿ ಗಣಿಯಲ್ಲಿ ಕೆಲಸ ಮಾಡಿದವರು. "ನಮ್ಮಪ್ಪ ಮೂವತ್ತು ವರ್ಷ ಅಗದಾನ, ಒಂದು ಹಾಳಿ ಸಿಗಲಿಲ್ಲ" ಅಂದ. ನಾನೂ ನಕ್ಕೆ. ಆಮೇಲೆ ಅವನನ್ನು ಮಸ್ಕಿಗೆ ಕರೆದುಕೊಂಡು ಹೋದೆ, ನಮ್ಮಿಂದ ದೂರವೇನಲ್ಲ. 1915ರಲ್ಲಿ ಬೀಡನ್ ಅನ್ನುವ ಇಂಜಿನಿಯರ್ ಅಲ್ಲಿ ಬಂಗಾರ ಹುಡುಕಲು ಬಂದು ಬಂಡೆ ಮೇಲಿನ ಬರಹ ನೋಡಿದ್ದು, ಅದರಿಂದ ಅಲ್ವಾ ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿಯಾಗಿದ್ದು. ಬಂಗಾರ ಹುಡುಕಿದವನಿಗೆ ಮಾತು ಸಿಕ್ಕಿತು ನೋಡು ಅಂದೆ. ಅವನು ಒಪ್ಪಲಿಲ್ಲ, ಬಂಡೆ ಇನ್ನೂ ಅಲ್ಲೇ ಇದೆ, ನಿನ್ನ ಹಾಳೆ ಎಲ್ಲಿ ಅಂದ. ಒಳ್ಳೆಯ ಪ್ರಶ್ನೆ. ಹಾಳೆಗಳನ್ನು ದೇವದೂತ ವಾಪಸ್ ತೆಗೆದುಕೊಂಡ ಅನ್ನುವುದು ನಮ್ಮ ಉತ್ತರ, ಅದಕ್ಕೆ ಅವನು ಇನ್ನೂ ಜೋರಾಗಿ ನಕ್ಕ. ನಾನು ನಂಬುವುದು ಹಾಳೆ ನೋಡಿ ಅಲ್ಲ. ರಾತ್ರಿ ಮಂಡಿಯೂರಿದಾಗ ಎದೆಯೊಳಗೆ ಒಂದು ಸಮಾಧಾನ ಬಂದಿತ್ತು, ಅದನ್ನು ಬಂದಿಲ್ಲ ಅಂತ ಹೇಳಲು ನನ್ನಿಂದ ಆಗಲ್ಲ. ಮನೆಮನೆಗೆ ಹೋಗಿ ದೇವರ ಮಾತು ಹೇಳುವುದಂತೂ ನಮ್ಮ ಜಿಲ್ಲೆಗೆ ಹೊಸದಲ್ಲ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಇದೇ ಮಣ್ಣಿನವರು. ಕಾಲಿಗೆ ಗೆಜ್ಜೆ ಕಟ್ಟಿದರೆ ಸೈ, ಕುತ್ತಿಗೆಗೆ ಟೈ ಕಟ್ಟಿದರೆ ನಗು.

ಎರಡನೇ ವರ್ಷ ನನ್ನನ್ನು ರಾಜಮಹೇಂದ್ರವರಕ್ಕೆ ಹಾಕಿದ್ದರು. ಒಂದು ಬುಧವಾರ ಬೆಳಿಗ್ಗೆ ಓದುವ ಹೊತ್ತಲ್ಲಿ ಅಪ್ಪನ ಫೋನ್ ಬಂತು. ಅಪ್ಪ ಬುಧವಾರ ಫೋನ್ ಮಾಡುವವನಲ್ಲ. ಎತ್ತುವ ಮುಂಚೆಯೇ ಗೊತ್ತಾಯಿತು. ಅಜ್ಜ ಹೋಗಿದ್ದ. ರಾತ್ರಿ ಊಟ ಮಾಡಿ, ಎಲೆ ಹಾಕಿ, ಕಟ್ಟೆಯ ಮೇಲೆ ಮಲಗಿದವನು.

ನಮ್ಮ ಮಿಷನ್ ನೋಡಿಕೊಳ್ಳುವ ಹಿರಿಯರು ಹೋಗಬೇಕೋ ಇರಬೇಕೋ ನೀನೇ ಹೇಳು ಅಂದರು. ಯಾರೂ ಕಟ್ಟಿಹಾಕಲಿಲ್ಲ. ನಾನು ಹೋಗಲಿಲ್ಲ. ಹೊರಟರೂ ಮಣ್ಣಿಗೆ ಮುಟ್ಟುತ್ತಿರಲಿಲ್ಲ, ಸಂಜೆಯೊಳಗೆ ಮಾಡುತ್ತಾರೆ ಅನ್ನುವುದು ಒಂದು ಕಾರಣ. ಊರಿಗೆ ಹೋದರೆ ತಿರುಗಿ ಬರಲು ಮನಸ್ಸು ಆಗಲ್ಲ ಅನ್ನುವ ಭಯ ಇನ್ನೊಂದು. ಮೂರನೆಯದು, ಹೊರಡುವ ದಿನ ಮನೆಯಲ್ಲಿ ಎಲ್ಲರೂ ಅಳುವಾಗ ಅಜ್ಜ ಒಬ್ಬನೇ "ಹಿಡಿದ ಕೆಲಸ ಮುಗಿಸಿ ಬಾ, ನಡುವ ಬರಬ್ಯಾಡ" ಅಂದಿದ್ದ. ಇದರಲ್ಲಿ ಯಾವುದು ನಿಜವಾದ ಕಾರಣ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹೊಲದಲ್ಲಿ ಮಣ್ಣು ಮಾಡುವಾಗ ಚಿಕ್ಕಪ್ಪನ ಮಗ ಫೋನ್ ಎತ್ತಿ ಹಿಡಿದಿದ್ದ. ಬಿಸಿಲಿಗೆ ಏನೂ ಕಾಣಲಿಲ್ಲ. ಒಂದಷ್ಟು ಆಕಾಶ, ಒಂದಷ್ಟು ಕಾಲುಗಳು, ಯಾರದೋ ಪಂಚೆಯ ಅಂಚು, ನಡುವೆ ಅಜ್ಜಿಯ ದನಿ. ಆಮೇಲೆ ನೆಟ್‌ವರ್ಕ್ ಹೋಯಿತು.

ಆಗಿನ ಜೊತೆಗಾರ ಹೈದರಾಬಾದಿನ ಹುಡುಗ, ನನಗಿಂತ ಮೂರು ವರ್ಷ ಚಿಕ್ಕವನು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಎದ್ದು ಹೋಗಿ ಅನ್ನ, ಪಪ್ಪು ಮಾಡಿದ. ಬಚ್ಚಲಲ್ಲಿ ನೀರಿನ ಸದ್ದು ತುಂಬಾ ಹೊತ್ತು ಕೇಳುತ್ತಿತ್ತು. ಹೊರಗೆ ಬಂದು ನೋಡಿದರೆ ನನ್ನ ಐದೂ ಬಿಳಿ ಶರ್ಟು ಒಗೆದು ತಂತಿಗೆ ಹಾಕಿದ್ದ. ಅವತ್ತು ಬುಧವಾರ.

'ಹೆತ್ತವರನ್ನೇ ಬಿಡುತ್ತಾರೆ' ಅಂತ ಆ ಹಿರಿಯರು ಬರೆದ ಸಾಲಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲದಿರುವುದು ಇದಕ್ಕೇ. ಅಜ್ಜನ ಮಣ್ಣಿಗೆ ಬರದ ಮೊಮ್ಮಗ ನಾನು. ಊರು ಅದನ್ನು ಮರೆತಿಲ್ಲ, ನಾನೂ ಮರೆತಿಲ್ಲ. ಚಾ ವಿಷಯಕ್ಕೆ ಬೈದರೆ ಜಗಳ ಆಡುತ್ತೇನೆ, ಇದಕ್ಕೆ ಬೈದರೆ ತಲೆ ತಗ್ಗಿಸುತ್ತೇನೆ.

2023ರ ಕೊನೆಗೆ ವಾಪಸ್ ಬಂದೆ. ಬಿಲ್ಲೆ ತೆಗೆದಿಟ್ಟೆ. ಈಗ ಸಿಂಧನೂರಿನಲ್ಲಿ ಎ.ಸಿ., ಫ್ರಿಜ್ ರಿಪೇರಿ ಮಾಡುತ್ತೇನೆ. ಗಿರಾಕಿಗಳು ಚಾ ಕೊಟ್ಟರೆ ಮಜ್ಜಿಗೆ ಇದ್ದರೆ ಕೊಡಿ ಅಂತ ನಾನೇ ಕೇಳಿ ಇಸಿದುಕೊಳ್ಳುತ್ತೇನೆ. ಹೀಗೆ ಕೇಳುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು.

ಬಂದ ಮರುದಿನ ಬೆಳಿಗ್ಗೆ ಅಜ್ಜಿ ಹಿತ್ತಾಳೆ ಪಾತ್ರೆ ನನ್ನ ಕೈಗೆ ಕೊಟ್ಟು, ನಿಮ್ಮಜ್ಜಗ ಒಂದು ಕಪ್ ಚಾ ಮಾಡು, ಹೊಲಕ್ಕೆ ಹೋಗಿ ಬರೋಣ ಅಂದಳು. ಅಜ್ಜನಿಗೆ ಇಷ್ಟವಾದದ್ದನ್ನು ಮಣ್ಣು ಮಾಡಿದ ಜಾಗದಲ್ಲಿ ಇಟ್ಟು ಬರುವುದು ನಮ್ಮ ಮನೆಯ ಪದ್ಧತಿ. ನಮ್ಮ ಸಭೆಯಲ್ಲಿ ಹಾಗೆ ಎಡೆ ಇಡುವುದಿಲ್ಲ. ಅದನ್ನು ಅವಳಿಗೆ ಹೇಳಲು ಬಾಯಿ ತೆರೆದೆ, ಹೇಳಲಿಲ್ಲ. ಒಲೆ ಹಚ್ಚಿದೆ. ಮೂರು ವರ್ಷದಿಂದ ಚಾ ಪುಡಿ ಮುಟ್ಟಿರಲಿಲ್ಲ. ಡಬ್ಬಿ ಮುಚ್ಚಳ ತೆಗೆದಾಗ ಬಂದ ವಾಸನೆಗೆ, ನಿಜ ಹೇಳುತ್ತೇನೆ, ಬಾಯಲ್ಲಿ ನೀರು ಬಂತು. ಎಷ್ಟು ಹಾಕಲಿ ಅಂದೆ. ಅಜ್ಜಿ ಪಕ್ಕದಲ್ಲೇ ನಿಂತಿದ್ದಳು. ಒಂದು ಚಮಚ ಹಾಕಿದೆ. ಇನ್ನೊಂದು ಹಾಕಿದೆ.

"ಇನ್ನೂ ಹಾಕು," ಅಂದಳು. "ನಿಮ್ಮಜ್ಜ ಬಿಟ್ಟಿಲ್ಲ."

— ಒಬ್ಬ ಓದುಗ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ